ಉತ್ತರ ತಪ್ಪಿದ್ದು ಯಾರದು

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಶುರುವಾದದ್ದು ಅದರಿಂದಲೇ. "ಇವಳಿಗೆ ಕೋಪ ಮೂಗಿನ ತುದೀಲೇ ಕೂತಿರತ್ತೆ" ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಕಾಫಿ ಕೊಡುವಷ್ಟೇ ಸಲೀಸಾಗಿ ಹೇಳುತ್ತಿದ್ದಳು. ಅವಳು ಹಾಗೆ ಹೇಳಿದಾಗಲೂ ನನಗೆ ಕೋಪ ಬರುತ್ತಿತ್ತು.

ಎರಡು ಸಾವಿರದ ಹದಿಮೂರರ ಆಸುಪಾಸು. ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ ಡ್ರೋನುಗಳನ್ನು ಹಾರಿಸಿ ಪರೀಕ್ಷೆ ಮಾಡುವ ಕೆಲಸಕ್ಕಿದ್ದೆ. ಡ್ರೋನುಗಳು ಎಂದು ಬಹುವಚನ ಬಳಸಿದ್ದು ಜಂಬಕ್ಕೆ. ಇದ್ದದ್ದು ಒಂದೇ. ಆರು ತೋಳು, ಆರು ಮೋಟರು, ನಡುವೆ ಬ್ಯಾಟರಿ, ಹೊಟ್ಟೆಯ ಕೆಳಗೆ ಕ್ಯಾಮೆರಾ. ಮದುವೆಗಳಲ್ಲಿ ಗಂಡು ಹೆಣ್ಣಿನ ತಲೆಯ ಮೇಲೆ ಇಂಥವು ಗುಂಯ್‌ಗುಡುವ ಕಾಲ ಇನ್ನೂ ಬಂದಿರಲಿಲ್ಲ. ಕಾನೂನು ಕಟ್ಟಳೆಗಳೂ ಆಗಿನ್ನೂ ಬಿಗಿಯಾಗಿರಲಿಲ್ಲ. ನೋಡಿದವರು ಇದೇನು ಹೊಸ ತರಹದ ಫ್ಯಾನಾ ಎಂದು ಕೇಳುತ್ತಿದ್ದರು. ಮಾಲೀಕರು ವೈಟ್‌ಫೀಲ್ಡಿನ ಕಂಪನಿಯೊಂದರ ಕೆಲಸ ಬಿಟ್ಟು ಬಂದು ಇದಕ್ಕೆ ಕೈಹಾಕಿದ್ದರು. ಮೆತ್ತಗೆ ಮಾತಾಡುವ ಮನುಷ್ಯ, ಆದರೆ ಒಮ್ಮೆ ತೀರ್ಮಾನ ಮಾಡಿದರೆಂದರೆ ಮುಗಿಯಿತು.

ಶೆಡ್ಡಿನಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಪೀಣ್ಯದ ಬೆನ್ನಿಗೇ ಇರುವ ಹಳ್ಳಿ ಅವರದು. ನಮ್ಮ ಶೆಡ್ಡು ನಿಂತಿರುವುದೇ ಅವರ ತಾತನ ರಾಗಿ ಹೊಲದಲ್ಲಂತೆ. ಹುಣಿಸೆ ಮರ ಯಾವ ಮೂಲೆಯಲ್ಲಿತ್ತು ಎಂದೂ ತೋರಿಸುತ್ತಿದ್ದರು. ಅಲ್ಲಿ ಈಗ ನಮ್ಮ ಟಾಯ್ಲೆಟ್ಟು. ಹನ್ನೆರಡು ವರ್ಷ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಂತಿ ಸುತ್ತಿ, ಅದು ಬಾಗಿಲು ಹಾಕಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಅವರು ಸೀಸ ಕರಗಿಸಿ ಸೋಲ್ಡರ್ ಮಾಡಿದ ಜಾಯಿಂಟು ಸಾಸಿವೆ ಕಾಳಿನ ಹಾಗೆ ದುಂಡಗೆ ಹೊಳೆಯುತ್ತಿತ್ತು. ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು ಮೇಡಂ ಎಂದೇ ಕರೆಯುತ್ತಿದ್ದರು. ಎಷ್ಟು ಹೇಳಿದರೂ ಬಿಡಲಿಲ್ಲ. ತಾವು ವೈರು ಕೂಡಿಸಿದ ಯಂತ್ರ ಹಾರುವುದನ್ನು ಅವರು ಒಂದು ಸಲವೂ ನೋಡಿರಲಿಲ್ಲ. ಹಾರಿಸುವ ಹೊತ್ತಿಗೆ ಅವರಿಗೆ ಒಳಗೆ ಇನ್ನೊಂದು ಕೆಲಸ ಕಾದಿರುತ್ತಿತ್ತು, ನೀವೂ ಬನ್ನಿ ಎಂದು ಕರೆಯಬೇಕೆಂದು ನಮಗೂ ಹೊಳೆದಿರಲಿಲ್ಲ.

ಈಗ ಕಾಂಪಸ್ಸಿನ ವಿಷಯ ಹೇಳಬೇಕು. ಡ್ರೋನಿಗೆ ನೀನೆಲ್ಲಿದ್ದೀ ಎಂದು ಹೇಳುವುದು ಜಿಪಿಎಸ್. ಆದರೆ ನಿನ್ನ ಮೂತಿ ಯಾವ ಕಡೆಗಿದೆ ಎಂದು ಅದು ಹೇಳಲಾರದು. ನಾನು ಇದನ್ನು ಎಲ್ಲರಿಗೂ ಬಸ್ಸಿನ ಲೆಕ್ಕದಲ್ಲಿ ವಿವರಿಸುತ್ತಿದ್ದೆ. ರಿಂಗ್ ರೋಡಿನ ಬಸ್ಸಿನಲ್ಲಿ ತೂಕಡಿಸಿ ಥಟ್ಟನೆ ಎಚ್ಚರವಾಗುತ್ತದೆ, ಕಂಡಕ್ಟರು "ಬೆಳ್ಳಂದೂರು, ಬೆಳ್ಳಂದೂರು" ಎಂದು ಕೂಗುತ್ತಿರುತ್ತಾನೆ. ಜಾಗ ಗೊತ್ತಾಯಿತು. ಆದರೆ ಬಸ್ಸು ಯಾವ ಕಡೆ ಹೊರಟಿದೆ, ಮನೆ ಎಡಕ್ಕೋ ಬಲಕ್ಕೋ? ಅದೇ ಮಂಪರಿನಲ್ಲಿ ಇಳಿದು ತಪ್ಪು ಕಡೆಗೆ ನಡೆದರೆ ಇಟ್ಟ ಹೆಜ್ಜೆಗೊಂದು ಹೆಜ್ಜೆ ಮನೆ ದೂರವಾಗುತ್ತದೆ.

ಡ್ರೋನಿನೊಳಗೆ ಗೈರೋ ಎಂಬುದೊಂದಿದೆ. ಎಷ್ಟು ತಿರುಗಿದೆ ಎಂದು ಅದು ಲೆಕ್ಕವಿಡುತ್ತದೆ, ಹೊತ್ತು ಹೋದ ಹಾಗೆ ಆ ಲೆಕ್ಕ ಮೆಲ್ಲಗೆ ಜಾರುತ್ತದೆ. ಜಾರಿದ್ದನ್ನು ಮತ್ತೆ ಎಳೆದು ಸರಿಮಾಡುವುದು ಕಾಂಪಸ್ಸು. ಶಾಲೆಯಲ್ಲಿ ನೋಡಿದ ಮುಳ್ಳಿನ ಡಬ್ಬಿಯಲ್ಲ. ಕಿರುಬೆರಳಿನ ಉಗುರಿಗಿಂತ ಚಿಕ್ಕ ಎಲೆಕ್ಟ್ರಾನಿಕ್ ಚಿಪ್. ಭೂಮಿಯ ಕಾಂತದ ಸೆಳೆತವನ್ನು ಅಳೆದು, ಉತ್ತರ ಈ ಕಡೆ ಎನ್ನುತ್ತದೆ. ಗಾಳಿ ಡ್ರೋನನ್ನು ಪೂರ್ವಕ್ಕೆ ತಳ್ಳಿದರೆ ಅದು ಪಶ್ಚಿಮಕ್ಕೆ ವಾಲಿ ತನ್ನ ಜಾಗಕ್ಕೆ ಮರಳಬೇಕು. ಪಶ್ಚಿಮ ಯಾವುದೆಂಬುದೇ ತಪ್ಪಾಗಿದ್ದರೆ ಬೇರೆಲ್ಲಿಗೋ ವಾಲುತ್ತದೆ, ಇನ್ನಷ್ಟು ದೂರ ಸರಿಯುತ್ತದೆ, ಅದನ್ನು ಸರಿಪಡಿಸಲು ಇನ್ನೂ ಜೋರಾಗಿ ವಾಲುತ್ತದೆ. ಕೊನೆಗೆ ಗಾಣದ ಎತ್ತಿನ ಹಾಗೆ ಸುತ್ತತೊಡಗುತ್ತದೆ. ಎತ್ತು ಸುತ್ತುವ ವೃತ್ತ ದೊಡ್ಡದಾಗುವುದಿಲ್ಲ, ಇದರದ್ದು ಸುತ್ತಿನಿಂದ ಸುತ್ತಿಗೆ ದೊಡ್ಡದಾಗುತ್ತದೆ.

ಮೋಟರಿನ ವೈರುಗಳಲ್ಲಿ ಕರೆಂಟು ಹರಿದಾಗ ಅವೂ ಕಾಂತದ ಹಾಗೆ ವರ್ತಿಸುತ್ತವೆ. ಅವುಗಳ ಕಾಟ ತಪ್ಪಲಿ ಎಂದು ಕಾಂಪಸ್ಸನ್ನು ಎಲ್ಲದಕ್ಕಿಂತ ಮೇಲೆ, ಒಂದು ಗೇಣು ಉದ್ದದ ಕೋಲಿನ ತುದಿಯಲ್ಲಿ ಕೂರಿಸಿದ್ದೆವು. ಧೂಳು ತಾಗದಿರಲೆಂದು ಅದಕ್ಕೊಂದು ಬಿಳಿ ಪ್ಲಾಸ್ಟಿಕ್ ಡಬ್ಬಿ, ತಿರುಗಿಸಿ ತೆಗೆಯುವ ಮುಚ್ಚಳ. ಮಾಲೀಕರು ಇದಕ್ಕೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿಟ್ಟಿದ್ದರು. ಅಕ್ಕ ಮೊದಲ ದಿನವೇ ಅದನ್ನು ಗೋಪುರ ಎಂದರು. ಶೆಡ್ಡಿನಲ್ಲಿ ಉಳಿದದ್ದು ಗೋಪುರವೇ.

ಇನ್ನೊಂದು ಕಟ್ಟುನಿಟ್ಟಿತ್ತು. ಜಾಗ ಬದಲಾದಾಗಲೆಲ್ಲ ಕಾಂಪಸ್ಸಿಗೆ ಹೊಸದಾಗಿ ದಿಕ್ಕು ಕಲಿಸಬೇಕು. ಅದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಿದ್ದೆವು. ಡ್ರೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಲ್ಲೇ ಒಂದು ಸುತ್ತು ಸುತ್ತಬೇಕು, ಆಮೇಲೆ ಅದರ ಮೂತಿಯನ್ನು ನೆಲಕ್ಕೆ ಮಾಡಿ ಇನ್ನೊಂದು ಸುತ್ತು. ಶೆಡ್ಡಿನೊಳಗೆ ಇದನ್ನು ಮಾಡುವಂತಿರಲಿಲ್ಲ, ನೆಲದ ಕಾಂಕ್ರೀಟಿನ ತುಂಬ ಕಬ್ಬಿಣದ ಸರಳು. ಹಿಂದಿನ ಖಾಲಿ ಸೈಟಿಗೆ ಹೋಗಿ ಮಾಡುತ್ತಿದ್ದೆ. ಪಕ್ಕದ ತಗಡು ಒತ್ತುವ ಪ್ರೆಸ್ ಶಾಪಿನವರು ಟೀ ಲೋಟ ಹಿಡಿದುಕೊಂಡು ಸಾಲಾಗಿ ನಿಲ್ಲುತ್ತಿದ್ದರು. "ಬಾ ಮಗಾ, ಮೇಡಂ ದೃಷ್ಟಿ ತೆಗೀತಾವ್ರೆ" ಎಂದು ಒಬ್ಬ, "ಮೆಣಸಿನಕಾಯಿ ಮರ್ತ್‌ಬಿಟ್ರಲ್ಲ ಮೇಡಂ" ಎಂದು ಇನ್ನೊಬ್ಬ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರ ಹೆದರಿಕೆ ಇಲ್ಲದಿದ್ದರೂ, ಜನರ ಎದುರು ಆ ಸುತ್ತು ಸುತ್ತಲು ನನಗೆ ಮುಜುಗರವಿತ್ತು ಎಂಬುದು ನಿಜ.

ಆ ವರ್ಷ ಆಯುಧಪೂಜೆ ವಾರಾಂತ್ಯಕ್ಕೆ ಬಂದಿತ್ತು. ನಾವು ಶುಕ್ರವಾರವೇ ಪೂಜೆ ಮುಗಿಸಿಕೊಳ್ಳುವುದೆಂದಾಯಿತು. ಮರುದಿನ ನಮ್ಮ ಮೊದಲ ನಿಜವಾದ ಕೆಲಸ. ಪಟ್ಟಂದೂರು ಅಗ್ರಹಾರದ ಕಡೆಯ ಕೆಲವು ಹಿರಿಯರು ತಮ್ಮ ಕೆರೆಯ ಅಂಚು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಮೇಲಿನಿಂದ ಫೋಟೋ ತೆಗೆದುಕೊಡಲು ಕೇಳಿದ್ದರು. ಶುಕ್ರವಾರ ಬೆಳಿಗ್ಗೆ ನಾನು ಖಾಲಿ ಸೈಟಿನಲ್ಲಿ ಕ್ಯಾಲಿಬ್ರೇಷನ್ ಮಾಡಿ ಹಾರಿಸಿ ನೋಡಿದೆ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಾಗೆ ಗಾಳಿಯಲ್ಲಿ ನಿಂತಿತು. ನೆಮ್ಮದಿಯಿಂದ ತಂದು ಮೇಜಿನ ಮೇಲಿಟ್ಟೆ.

ಮಧ್ಯಾಹ್ನದ ಪೂಜೆಗೆ ಅಪ್ಪ ಅಮ್ಮನೂ ಬಂದರು. ಅಪ್ಪ ಒಂದು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಅಳತೆ ಪರೀಕ್ಷಿಸುವ ಇನ್‌ಸ್ಪೆಕ್ಟರಾಗಿದ್ದು ನಿವೃತ್ತರಾದವರು. ಬಂದವರೇ ನಮ್ಮ ಸ್ಕ್ರೂಡ್ರೈವರುಗಳನ್ನು ಅಳತೆಯ ಪ್ರಕಾರ ಜೋಡಿಸಲು ಶುರುಮಾಡಿದರು. ಅಮ್ಮ ಕಡ್ಲೆಪುರಿ, ಬೂಂದಿ, ಸೇವಂತಿಗೆ ಮಾರು ತಂದಿದ್ದಳು. ಡ್ರಿಲ್ಲಿಂಗ್ ಮೆಷೀನಿಗೆ, ಬಿಗಿಹಿಡಿಯುವ ವೈಸಿಗೆ, ಅಕ್ಕನ ಸೋಲ್ಡರಿಂಗ್ ಐರನ್ನಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ ಬಿತ್ತು. ಕುಂಕುಮದ ಬಟ್ಟಲು ಹಿಡಿದು ಅಮ್ಮ ಡ್ರೋನಿನ ಕಡೆ ತಿರುಗಿದಳು.

"ಅದನ್ನ ಮಾತ್ರ ಮುಟ್ಬೇಡ!" ಎಂದು ನಾನು ಕಿರುಚಿದೆ. "ಅದ್ರಲ್ಲಿ ಸೆನ್ಸರ್ ಇದೆ. ಒಂದ್ ಹರಳು ಕುಂಕುಮ ಒಳಗ್ ಹೋದ್ರೂ ನಾಳೆ ಕೆಲಸ ಕೆಡತ್ತೆ. ನಿಂಗೆಷ್ಟ್ ಸಲ ಹೇಳೋದು?"

ಒಂದು ಸಲವೂ ಹೇಳಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಅಮ್ಮ ಬಟ್ಟಲು ಕೆಳಗಿಟ್ಟು, "ಆಯ್ತಮ್ಮಾ" ಎಂದಳು. ಅಕ್ಕ ಅವಳನ್ನು ಸಮಾಧಾನ ಮಾಡಲೆಂದೋ ಏನೋ ಪಕ್ಕಕ್ಕೆ ಕರೆದು, ಇದು ಮೋಟರು, ಇದು ಬ್ಯಾಟರಿ, ಇದು ಗೋಪುರ ಎಂದು ಒಂದೊಂದಾಗಿ ತೋರಿಸತೊಡಗಿದರು. ಬಾಗಿಲಿಗೆ ಬೂದುಗುಂಬಳಕಾಯಿ ಒಡೆಯುವ ಗಲಾಟೆಯಲ್ಲಿ ನಾನು ಇದನ್ನೆಲ್ಲ ಮರೆತೆ.

ಶನಿವಾರ ಮಾಲೀಕರೂ ನಾನೂ ಹೊರಡುವುದು ತಡವಾಯಿತು. ಪೀಣ್ಯದಿಂದ ಪಟ್ಟಂದೂರು ಅಗ್ರಹಾರ ಎಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಕುಂದಲಹಳ್ಳಿ ಗೇಟಿನಲ್ಲೇ ಮುಕ್ಕಾಲು ಗಂಟೆ ನಿಂತೆವು. ಕೆರೆಯ ಏರಿಯ ಮೇಲೆ ಹಿರಿಯರು ಬಿಸಿಲಲ್ಲಿ ಕಾದು ಸುಸ್ತಾಗಿದ್ದರು, ಅವರ ಸುತ್ತ ಬಾಡಿಗೆ ಮನೆಗಳಿಂದ ಬಂದ ಜನರೂ ಸೇರಿದ್ದರು. ಎಲ್ಲರಿಗಿಂತ ಹಿರಿಯರಾದ ಯಜಮಾನರು ಡ್ರೋನನ್ನು ಸುತ್ತುಹಾಕಿ ನೋಡಿ, "ಇದು ಕೆಳೀಕ್ ಬಿದ್ರೆ ತಲೆ ಒಡ್ದೋಯ್ತದಾ ಅಂತ?" ಎಂದು ಕೇಳಿದರು.

"ಬೀಳಲ್ಲ ಯಜಮಾನ್ರೇ" ಎಂದೆ.

ಅಲ್ಲಿ ನಾನು ಮತ್ತೆ ಕ್ಯಾಲಿಬ್ರೇಷನ್ ಮಾಡಬೇಕಿತ್ತು. ಜಾಗ ಬದಲಾಗಿತ್ತಲ್ಲ. ಅಷ್ಟು ಜನರ ನಡುವೆ ಆ ಸುತ್ತು ಸುತ್ತುವುದು ನೆನೆಸಿಕೊಂಡೇ ಕಿವಿ ಬಿಸಿಯಾಯಿತು. ನಿನ್ನೆ ತಾನೇ ಮಾಡಿದ್ದೇನೆ, ಕಲ್ಲಿನ ಹಾಗೆ ನಿಂತಿತ್ತು, ಸಾಕು ಎಂದುಕೊಂಡೆ. ಮೇಲಕ್ಕೆ ಬಿಟ್ಟೆ.

ತೆಂಗಿನಮರದೆತ್ತರ ಏರುವವರೆಗೆ ಎಲ್ಲ ಸರಿಯಿತ್ತು. ಅಲ್ಲೇ ನಿಲ್ಲು ಎಂದು ಹೇಳಿ ಕೈಬಿಟ್ಟೆ. ನಿಲ್ಲಲಿಲ್ಲ. ಸಣ್ಣದಾಗಿ ಒಂದು ಸುತ್ತು ಹೊಡೆಯಿತು. ಜನ ಚಪ್ಪಾಳೆ ತಟ್ಟಿದರು, ನಾನು ಬೇಕೆಂದೇ ಸುತ್ತಿಸುತ್ತಿದ್ದೇನೆ ಎಂದುಕೊಂಡು. ಎರಡನೆಯ ಸುತ್ತು ದೊಡ್ಡದು. ಮೂರನೆಯದರಲ್ಲಿ ಅದು ಪಕ್ಕಕ್ಕೆ ವಾಲಿಕೊಂಡು ಏರಿಯ ಇನ್ನೊಂದು ತುದಿಗೆ ನುಗ್ಗಿತು. ದಸರಾ ರಜೆಯಲ್ಲಿ ಆಡಲು ಬಂದಿದ್ದ ಮಕ್ಕಳು ಆ ತುದಿಯಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಓಡಬೇಕೆಂದೂ ಅವಕ್ಕೆ ಗೊತ್ತಿರಲಿಲ್ಲ.

ನನ್ನ ಹೆಬ್ಬೆರಳು ತಾನಾಗಿಯೇ ರಿಮೋಟಿನ ಒಂದು ಸ್ವಿಚ್ಚನ್ನು ಕೆಳಕ್ಕೆ ತಳ್ಳಿತು. ಆ ಸ್ವಿಚ್ಚು ಹಾಕಿದರೆ ಜಿಪಿಎಸ್, ಕಾಂಪಸ್ಸು ಯಾವುದರ ಮಾತನ್ನೂ ಯಂತ್ರ ಕೇಳುವುದಿಲ್ಲ, ನನ್ನ ಕೈಯ ಮಾತನ್ನು ಮಾತ್ರ ಕೇಳುತ್ತದೆ. ಮಕ್ಕಳ ತಲೆಯ ಮೇಲಿಂದ ಅದನ್ನು ಕೆರೆಯ ಕಡೆ ಎಳೆದುಕೊಂಡು ಜೊಂಡಿನೊಳಕ್ಕೆ ಇಳಿಸಿದೆ, ಅಥವಾ ಬೀಳಿಸಿದೆ. ಒಂದು ಮೋಟರಿನ ರೆಕ್ಕೆ ಮುರಿಯಿತು, ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ನಾನು ಏರಿಯ ಮಣ್ಣಿನ ಮೇಲೆ ಕುಕ್ಕರಿಸಿ ಕೂತುಬಿಟ್ಟೆ. ಸದ್ಯ, ಸದ್ಯ ಎಂಬ ಒಂದೇ ಮಾತು ಬಾಯಿಗೆ ಬರುತ್ತಿತ್ತು. ಮಕ್ಕಳಲ್ಲೊಬ್ಬಳು ಬಂದು, "ಆಂಟಿ, ಇನ್ನೊಂದ್ಸಲ ಮಾಡಿ" ಎಂದಳು.

ಮಾಲೀಕರ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಹಿರಿಯರ ಕ್ಷಮೆ ಕೇಳಿ, ಸೋಮವಾರ ಮತ್ತೆ ಬರುತ್ತೇವೆಂದು ಹೇಳಿ ಕಾರಿಗೆ ಬಂದ ಮೇಲೆ, "ಏನಾಯ್ತು?" ಎಂದು ಕೇಳಿದರು.

"ಕಾಂಪಸ್ಸು ಸುಳ್ಳು ಹೇಳಿದೆ ಸಾರ್."

"ಕ್ಯಾಲಿಬ್ರೇಷನ್ ಮಾಡಿದ್ರಾ?"

"ಮಾಡಿದ್ದೆ" ಎಂದೆ. ಯಾವತ್ತು, ಎಲ್ಲಿ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಹೆದರಿಕೆ ಇಳಿದ ಜಾಗಕ್ಕೆ ನನ್ನ ಕೋಪ ಬಂದು ಕೂತಿತು. "ವೈರಿಂಗ್ ಸಾರ್, ಇನ್ನೇನು. ಗೋಪುರದ ವೈರನ್ನ ಮೋಟರಿನ ವೈರಿನ ಜೊತೆ ಸೇರಿಸಿ ಕಟ್ಟಿರ್ತಾರೆ. ಎಷ್ಟ್ ಸಲ ಹೇಳಿದೀನಿ ಅಕ್ಕನಿಗೆ."

ಇದನ್ನೂ ಒಂದು ಸಲವೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಮಾರತ್ಹಳ್ಳಿ ಸೇತುವೆ ದಾಟಿದ ಮೇಲೆ ಮಾಲೀಕರು ಗಾಡಿಯನ್ನು ಪಕ್ಕಕ್ಕೆ ಹಾಕಿ ಅಕ್ಕನಿಗೆ ಫೋನ್ ಮಾಡಿದರು. "ಮಕ್ಕಳ ತಲೆ ಮೇಲೆ ಹೋಗಿತ್ತಮ್ಮ. ನಿಮ್ ಕೈಕೆಲಸ ಹೀಗಾದ್ರೆ ನಾನು ಜವಾಬ್ದಾರಿ ತಗೊಳಕ್ಕಾಗಲ್ಲ. ಸೋಮವಾರದಿಂದ ಬರೋದು ಬೇಡ." ಆ ಕಡೆಯಿಂದ ಪಕ್ಕದ ಪ್ರೆಸ್ ಬೀಳುವ ಧಡ್ ಧಡ್ ಶಬ್ದ ಮಾತ್ರ ಕೇಳಿಸಿತು. ಅಕ್ಕ ಇನ್ನೂ ಶೆಡ್ಡಿನಲ್ಲೇ ಇದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ನನಗೆ ಅತ್ಯಂತ ನಾಚಿಕೆಯಾಗುವುದು ಆ ಅರ್ಧ ನಿಮಿಷಕ್ಕೆ.

ಡ್ರೋನನ್ನು ಮನೆಗೆ ತಂದೆ. ಅಕ್ಕನ ತಪ್ಪನ್ನು ಹುಡುಕಿ ಮಾಲೀಕರಿಗೆ ತೋರಿಸುವುದು ನನ್ನ ಉದ್ದೇಶ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಅದನ್ನು ಬಿಚ್ಚಿ ಕೂತೆ. ಮೋಟರಿನ ವೈರುಗಳು ಒಂದು ಕಡೆ, ಗೋಪುರದ ವೈರು ಇನ್ನೊಂದು ಕಡೆ, ನಡುವೆ ನಾಲ್ಕು ಬೆರಳು ಅಂತರ. ಎರಡನ್ನೂ ಅಕ್ಕ ಬೇರೆ ಬೇರೆ ಬಣ್ಣದ ದಾರದಲ್ಲಿ ಕಟ್ಟಿದ್ದರು, ಯಾರಾದರೂ ಕಣ್ಣುಮುಚ್ಚಿ ಸೇರಿಸಿಬಿಟ್ಟಾರು ಎಂಬಂತೆ. ಒಂದು ಜಾಯಿಂಟೂ ಸಡಿಲವಿರಲಿಲ್ಲ. ಮೊದಲಿನಿಂದ ಇನ್ನೊಂದು ಸಲ ಹುಡುಕಿದೆ.

ಅಪ್ಪ ಪೇಪರು ಮಡಿಸಿಟ್ಟು ಬಂದರು. "ಏನಮ್ಮಾ ಹುಡುಕ್ತಿದೀಯ?"

"ಇದಕ್ಕೆ ಉತ್ತರ ತಪ್ಪಿದೆ ಅಪ್ಪ. ಯಾಕೆ ಅಂತ ಗೊತ್ತಾಗ್ತಿಲ್ಲ."

"ಮೊದ್ಲು ಉತ್ತರ ಹುಡುಕು, ಆಮೇಲೆ ಎಲ್ರಿಗೂ ಉತ್ತರ ಕೊಡು" ಎಂದು ತಮ್ಮ ಮಾತಿಗೆ ತಾವೇ ನಕ್ಕು, ಒಳಗೆ ಹೋಗಿ ಒಂದು ಸಣ್ಣ ಹಿತ್ತಾಳೆ ಡಬ್ಬಿ ತಂದರು. ಅವರ ಜೇಬು ದಿಕ್ಸೂಚಿ. ಅಂಗಿಯ ಗುಂಡಿಗಿಂತ ಚೂರು ದೊಡ್ಡದು. ಅದನ್ನು ಅವರು ದಿಕ್ಕು ನೋಡಲು ಇಟ್ಟುಕೊಂಡವರಲ್ಲ. ಟೂಲ್ ರೂಮಿನಲ್ಲಿ ಕಬ್ಬಿಣದ ಬಿಡಿಭಾಗವನ್ನು ಕಾಂತದ ಹಲಗೆಯ ಮೇಲೆ ಕಚ್ಚಿಸಿ ಉಜ್ಜುತ್ತಾರೆ. ಉಜ್ಜಿ ತೆಗೆದ ಮೇಲೂ ಅದರಲ್ಲಿ ಒಂದಿಷ್ಟು ಕಾಂತ ಉಳಿದುಬಿಡುತ್ತದೆ, ಪುಡಿ ಅಂಟಿಕೊಂಡು ಅಳತೆ ತಪ್ಪುತ್ತದೆ. ಹಾಗೆ ಉಳಿದಿದೆಯೇ ಎಂದು ನೋಡಲು ಅಪ್ಪ ಪ್ರತಿಯೊಂದು ತುಣುಕಿನ ಪಕ್ಕವೂ ಈ ಡಬ್ಬಿಯನ್ನು ಆಡಿಸುತ್ತಿದ್ದರು. ಮುಳ್ಳು ಅಲುಗಾಡಿದರೆ ತುಣುಕು ವಾಪಸ್ಸು.

ಡ್ರೋನಿನ ಒಂದೊಂದು ತೋಳಿನ ಪಕ್ಕವೂ ನಿಧಾನವಾಗಿ ಆಡಿಸಿದರು. ಮೋಟರಿನ ಹತ್ತಿರ ಮುಳ್ಳು ಸ್ವಲ್ಪ ಹೊರಳಿತು. "ಅದರೊಳಗೇ ಕಾಂತ ಇರತ್ತೆ ಅಪ್ಪ" ಎಂದೆ. ಹೂಂಗುಟ್ಟಿ ಮುಂದೆ ಹೋದರು. ಬ್ಯಾಟರಿ, ಕ್ಯಾಮೆರಾ, ಏನೂ ಇಲ್ಲ. ಕೋಲಿನ ಉದ್ದಕ್ಕೂ ಮೇಲಕ್ಕೆ ಹೋದರು. ಗೋಪುರದ ಹತ್ತಿರ ಬಂದದ್ದೇ ತಡ, ಮುಳ್ಳು ಗಿರ್ರನೆ ತಿರುಗಿ ಆ ಬಿಳಿ ಡಬ್ಬಿಯ ಕಡೆಗೆ ನೆಟ್ಟು ನಿಂತಿತು. ಆ ಪಕ್ಕದಿಂದ ತಂದರೂ ಅದೇ, ಈ ಪಕ್ಕದಿಂದ ತಂದರೂ ಅದೇ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಕೈಯಲ್ಲಿ ಒರೆಸಲು ಏನೂ ಇರಲಿಲ್ಲ.

ನಾನು ಮುಚ್ಚಳ ತಿರುಗಿಸಿ ತೆಗೆದೆ. ಒಳಗೆ ಕಾಂಪಸ್ಸಿನ ಪಕ್ಕದಲ್ಲಿ, ಅರ್ಧ ಹೆಬ್ಬೆರಳೆತ್ತರದ ಒಬ್ಬ ಆಂಜನೇಯ. ಒಂದು ಕೈಯಲ್ಲಿ ಪರ್ವತ ಹೊತ್ತು ಹಾರಲು ಸಿದ್ಧನಾಗಿ ನಿಂತಿದ್ದ. ಅಪ್ಪನ ಹಳೆಯ ಕಾರಿನ ಡ್ಯಾಷ್‌ಬೋರ್ಡಿನ ಮೇಲೆ ಹದಿನೈದು ವರ್ಷ ನಿಂತಿದ್ದವನು. ಕಾರು ಎಷ್ಟು ಕುಲುಕಿದರೂ ಬೀಳದಿರಲೆಂದು ಪಾದದಡಿ ಗಟ್ಟಿ ಮ್ಯಾಗ್ನೆಟ್ ಇಟ್ಟು ಮಾಡಿದ ವಿಗ್ರಹ.

ನಾನು ಕೇಳುವ ಮೊದಲೇ ಅಮ್ಮ ಹೇಳಿದಳು.

"ಕುಂಕುಮ ಬೇಡ ಅಂದೆ, ಸರಿ. ಇವನು ಒಣಗೇ ಇರ್ತಾನಲ್ಲ, ಏನೂ ಉದುರಲ್ಲ ಅಂದ್ಕೊಂಡೆ. ಹಾರೋ ವಸ್ತುಗೆ ಇವನಿಗಿಂತ ಯಾರೇ ಬೇಕು? ನಿಂಗೆ ಹೇಳಿದ್ರೆ ಎಲ್ರೆದ್ರುಗೂ ಮತ್ತೆ ಬೈತೀಯ ಅಂತ, ನೀವೆಲ್ಲ ಕುಂಬಳಕಾಯಿ ಒಡೀವಾಗ ಕಾರಿಂದ ತಂದು ಇಟ್ಬಿಟ್ಟೆ."

"ಅಲ್ಲೇ ಯಾಕಮ್ಮಾ ಇಟ್ಟೆ? ಅಷ್ಟೊಂದ್ ಜಾಗ ಇತ್ತಲ್ಲ!"

"ದೇವ್ರನ್ನ ಕಾಲ್‌ಕೆಳಗೆ ಇಡ್ತಾರೇನೇ? ಎಲ್ಲಕ್ಕಿಂತ ಮೇಲೆ ಅದೇ ಇತ್ತು. ಅವರೂ ಅದನ್ನ ಗೋಪುರ ಅಂತ ತೋರಿಸಿದ್ರು. ಗೋಪುರದಲ್ಲಿ ಇಡದೆ ಇನ್ನೆಲ್ಲಿಡ್ಲಿ?"

ಅಪ್ಪ ಮೊದಲು ನಕ್ಕರು. ಆಮೇಲೆ ನನಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ, ಮೇಜು ಹಿಡಿದುಕೊಂಡು ನಕ್ಕೆ. ಎಲ್ಲ ಕಾಟದಿಂದ ದೂರವಿರಲಿ ಎಂದು ನಾವು ಯಾವ ಜಾಗವನ್ನು ಆರಿಸಿದ್ದೆವೋ, ಎಲ್ಲಕ್ಕಿಂತ ಮೇಲಿದೆ ಎಂದು ಅಮ್ಮನೂ ಅದನ್ನೇ ಆರಿಸಿದ್ದಳು. ಎದೆಯ ಮೇಲಿದ್ದ ಭಾರ ಇಳಿದು ಹೋಯಿತು. ಅಕ್ಕನ ತಪ್ಪಲ್ಲ! ಯಂತ್ರದ ತಪ್ಪೂ ಅಲ್ಲ! ಅಮ್ಮನಿಗೆ ಮಾತ್ರ ನಾನು ಯಾಕೆ ಇಷ್ಟು ಖುಷಿಯಾಗಿದ್ದೇನೆ ಎಂದು ಅರ್ಥವಾಗಲಿಲ್ಲ. ಬೈಗುಳಕ್ಕೆ ಕಾದು ನಿಂತವಳ ಹಾಗೇ ನಿಂತಿದ್ದಳು.

ನಗು ಮುಗಿದ ಮೇಲೆ ಅಪ್ಪ ದಿಕ್ಸೂಚಿಯನ್ನು ಒರೆಸುತ್ತ ಕೇಳಿದರು. "ನಾವು ದಿನಾ ಬೆಳಿಗ್ಗೆ ಮೈಕ್ರೋಮೀಟರ್ ಸೊನ್ನೆ ತೋರಿಸತ್ತಾ ಅಂತ ನೋಡ್ದೆ ಒಂದ್ ತುಣುಕೂ ಅಳೀತಿರ್ಲಿಲ್ಲ. ನೀನು ಕೆರೆ ಹತ್ರ ಹೋದ್ಮೇಲೆ ಸೊನ್ನೆ ನೋಡ್ಕೊಂಡ್ಯಾ?"

ಅಪ್ಪನಿಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಕೆರೆಯ ಹತ್ತಿರ ಆ ಸುತ್ತು ಸುತ್ತಿದ್ದರೆ ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡ ಮ್ಯಾಗ್ನೆಟ್ ಇರುವಾಗ ಕ್ಯಾಲಿಬ್ರೇಷನ್ ಆಗುತ್ತಲೇ ಇರಲಿಲ್ಲ, ಯಂತ್ರ ಕೆಂಪು ದೀಪ ಮಿನುಗಿಸಿ ಹಾರಲಾರೆ ಎನ್ನುತ್ತಿತ್ತು. ಅಮ್ಮ ಇಟ್ಟದ್ದು ದೇವರನ್ನು. ಹಾರಿಸಿದ್ದು ನಾನು.

ಮಾಲೀಕರಿಗೆ ಆಗಲೇ ಫೋನ್ ಮಾಡಿದೆ. ಎಲ್ಲ ಹೇಳಿದೆ, "ಮಾಡಿದ್ದೆ" ಎಂದದ್ದು ಶುಕ್ರವಾರದ ಮಾತು ಎಂಬುದನ್ನೂ. ನನ್ನ ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದೆ. ಅವರು, "ನಾನು ಒಂದ್ ಮಾತೂ ವಿಚಾರಿಸದೆ ಆಯಮ್ಮನ್ನ ಬೇಡ ಅಂದ್ಬಿಟ್ಟೆ" ಎಂದರು. ಆಮೇಲೆ, "ನಾನೇ ಫೋನ್ ಮಾಡ್ಲಾ?"

"ಬೇ​ಡ ಸಾರ್. ನಾನೇ ಹೋಗ್ತೀನಿ."

ಒಬ್ಬಳೇ ಹೋಗುವವಳಿದ್ದೆ. ಅಮ್ಮ ಬಿಡಲಿಲ್ಲ. ತಾನೂ ಸೇರಿ ಮಾಡಿದ್ದು, ತಾನೂ ಬರುತ್ತೇನೆ ಎಂದಳು. ಉಳಿದ ಬೂಂದಿಯನ್ನು ಡಬ್ಬಿಗೆ ತುಂಬಿಕೊಂಡಳು. ಅಪ್ಪ ಕಾರು ತೆಗೆದರು. ಡ್ಯಾಷ್‌ಬೋರ್ಡಿನ ಮೇಲೆ ಆಂಜನೇಯ ಇದ್ದ ಜಾಗದಲ್ಲಿ ಒಂದು ದುಂಡನೆಯ ಗುರುತು ಮಾತ್ರ ಇತ್ತು.

ಅಕ್ಕನ ಮನೆಯ ಬಾಗಿಲು ತೆರೆದಿತ್ತು. ಅಕ್ಕ ಹೊಸ್ತಿಲ ಒಳಗೆ, ಬೆಳಕು ಬೀಳುವ ಕಡೆ ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಿಸಿಯಾದ ಸೋಲ್ಡರಿಂಗ್ ಐರನ್. ಎದುರಿಗೆ ಹಾಸಿದ ಹಳೆಯ ಪೇಪರಿನ ಮೇಲೆ ತುಂಡು ವೈರುಗಳು ಸಾಲಾಗಿದ್ದವು, ಮೂವತ್ತೋ ನಲವತ್ತೋ, ಒಂದೊಂದಕ್ಕೂ ಹೊಸದಾಗಿ ಹಾಕಿದ ಜಾಯಿಂಟು. ಒಂದನ್ನು ಎತ್ತಿ ಎರಡೂ ಕಡೆಯಿಂದ ಜಗ್ಗುತ್ತಿದ್ದರು. ನಮ್ಮನ್ನು ನೋಡಿ ಗಡಬಡಿಸಿ ಎದ್ದರು.

ನಾನು ಕುಳಿತುಕೊಳ್ಳಲೂ ಇಲ್ಲ. ನಿಂತಲ್ಲೇ ಹೇಳಿಬಿಟ್ಟೆ. "ಅಕ್ಕ, ನಿಮ್ ವೈರಿಂಗಲ್ಲಿ ಒಂದ್ ತಪ್ಪೂ ಇಲ್ಲ. ತಪ್ಪು ನಂದು. ನಾನು ನೋಡ್ಕೊಳ್ದೆ ಹಾರಿಸಿದೆ. ಸಾರ್‌ಗೆ ನಿಮ್ ಹೆಸರು ಹೇಳಿದ್ದೂ ನಾನೇ."

ಅಕ್ಕ ಗೋಡೆಗೆ ಒರಗಿ ಮೆಲ್ಲಗೆ ಕೂತರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ.

"ಕೆಲ್ಸ ಓದ್ರೆ ಇನ್ನೊಂದ್ ನೋಡ್ಕಬೋದು ಮೇಡಂ" ಎಂದರು ಅಕ್ಕ. ತಮ್ಮ ಎರಡೂ ಅಂಗೈ ಬಿಚ್ಚಿ ನೋಡಿಕೊಂಡರು. "ಮಕ್ಳ ತಲೆ ಮ್ಯಾಲ್ ಓಗಿತ್ತು ಅಂದ್ರು ಸಾರು. ನನ್ ಕೈಯ್ಯೇ ಕೆಟ್ಟೋಯ್ತೇನೋ ಅಂತ ನಿನ್ನೆಯಿಂದ ಇಂಗೆ ಆಕ್ಕಂಡ್ ಆಕ್ಕಂಡ್ ನೋಡ್ತಾ ಇವ್ನಿ. ಸದ್ಯ, ಬಂದು ಏಳ್ಬಿಟ್ರಲ್ಲ."

ನನಗೆ ಅಳು ಬಂತು. ಅವರಿಗೂ ಬಂತು. ಅಮ್ಮ ಬೂಂದಿ ಡಬ್ಬಿಯ ಮುಚ್ಚಳ ತೆಗೆದು ಇಬ್ಬರ ಕೈಗೂ ಒಂದೊಂದು ಹಿಡಿ ಹಾಕಿದಳು. ಆಮೇಲೆ ಆಂಜನೇಯನ ಕಥೆಯೂ ಬಂತು, ಅಕ್ಕ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. "ಗೋಪುರ ಅಂತ ಏಳಿದ್ದು ನಾನೇ ಕಣಮ್ಮಾ, ನನ್ದೂ ಒಸಿ ಪಾಲೈತೆ" ಎಂದರು. ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ. "ಐತೆ" ಎಂದರು. "ನಾಕ್ ದಿನ ಇರ್ತದೆ, ಆಮ್ಯಾಕ್ ಓಯ್ತದೆ."

ಸೋಮವಾರ ಕೆರೆಗೆ ಹೋಗುವಾಗ ಮಾಲೀಕರು ಕಾರಿನ ಮುಂದಿನ ಸೀಟನ್ನು ಅಕ್ಕನಿಗೆ ಬಿಟ್ಟುಕೊಟ್ಟರು. ಏರಿಯ ಮೇಲೆ ಶನಿವಾರಕ್ಕಿಂತ ಹೆಚ್ಚು ಜನ ಸೇರಿದ್ದರು, ಬೀಳುವುದನ್ನು ನೋಡಲೆಂದು. ನಾನು ಎಲ್ಲರನ್ನೂ ಹಿಂದಕ್ಕೆ ಕಳಿಸಿ, ಹೊಸ ರೆಕ್ಕೆ ಹಾಕಿದ ಡ್ರೋನನ್ನು ಎತ್ತಲು ಬಗ್ಗಿದೆ. ಅಕ್ಕ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ತಾಯಂದಿರು ಮಗುವನ್ನು ನೀರು ಹಾಕಲು ಎತ್ತಿಕೊಳ್ಳುವ ಹಾಗೆ ಹಿಡಿದು, ಒಂದು ಸುತ್ತು ಸುತ್ತಿದರು. ಮೂತಿ ಕೆಳಗೆ ಮಾಡಿ ಇನ್ನೊಂದು ಸುತ್ತು. ಜನ ನಕ್ಕರು. ಅಕ್ಕನಿಗೆ ಯಾವ ಮುಜುಗರವೂ ಇರಲಿಲ್ಲ. ಹಸಿರು ದೀಪ ಹೊತ್ತಿತು.

ಮೇಲಕ್ಕೆ ಬಿಟ್ಟೆ. ತೆಂಗಿನಮರದೆತ್ತರಕ್ಕೆ ಏರಿಸಿ, ರಿಮೋಟಿನಿಂದ ಎರಡೂ ಹೆಬ್ಬೆರಳು ತೆಗೆದೆ. ಕೆರೆಯ ಕಡೆಯಿಂದ ಗಾಳಿ ಬೀಸಿತು. ಡ್ರೋನು ಗಾಳಿಯ ಕಡೆಗೆ ಚೂರು ವಾಲಿತು, ತನ್ನ ಜಾಗಕ್ಕೆ ಬಂತು, ಅಲ್ಲೇ ಇತ್ತು.

ಅಕ್ಕ ಬಿಸಿಲಿಗೆ ಅಡ್ಡವಾಗಿ ಹಣೆಯ ಮೇಲೆ ಕೈಯಿಟ್ಟು ಮೇಲೆ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ, "ನಿಂತ್ಕಂತು" ಎಂದರು. ಆಮೇಲೆ ಆ ಕೈಯನ್ನು ಇಳಿಸಿ, ಇನ್ನೊಂದು ಕೈಯಿಂದ ಅದನ್ನು ಒಂದು ಸಲ ಸವರಿಕೊಂಡರು.